ಕವಯಿತ್ರಿ ಮೇರಿಯನ್ ಮೂರ್

ಕವಿಯು ಬರೆದು ಅಚ್ಚು ಹಾಕಿಸಿದ ಕವಿತೆ ಆ ಮೇಲೆ ಯಾರದು? ಬರೆದವರದೇ, ಓದಿ ಮೆಚ್ಚಿದವರದೇ? ಅಮೆರಿಕದ ನವ್ಯ ಕವಿಗಳಲ್ಲಿ ಅಗ್ರಗಣ್ಯಳಾದ ಮೇರಿಯನ್ ಮೂರಳ ಬಾಳಿನಲ್ಲಿ ಈ ಪ್ರಶ್ನೆ ವಿಚಿತ್ರವಾದ ರೀತಿಯಲ್ಲಿ ಎದ್ದಿತು.

ಆಕೆ 1887ರ ನವೆಂಬರ್ 15ರಂದು ಮಿಸೌರಿ ರಾಜ್ಯದ ಕರ್ಕ್‌ವುಡ್ ಎಂಬ ಊರಿನಲ್ಲಿ, ಪಾದ್ರಿಯಾಗಿದ್ದ ತಾತನ ಮನೆಯಲ್ಲಿ ಜನಿಸಿದಳು. ತಂದೆಯ ಮುಖವನ್ನು ಆಕೆ ಕಾಣಲೇ ಇಲ್ಲ. ಮಗಳು ಹುಟ್ಟುವ ಮೊದಲೇ ಆತನು ಮನೋರೋಗಕ್ಕೆ ತುತ್ತಾಗಿ ಸಂಸಾರದಿಂದ ದೂರವಾಗಿದ್ದನು. ತಾಯಿಯೇ ಆಕೆಗೆ ಸರ್ವಸ್ವ. 1947ರಲ್ಲಿ ತೀರಿಕೊಳ್ಳುವವರೆಗೂ ಆ ತಾಯಿ ಮಗಳೊಡನೆಯೇ ಇದ್ದು, ಆಕೆಯ ಕವಿತೆಗಳನ್ನು ಓದಿ ನಿರ್ದಾಕ್ಷಿಣ್ಯವಾಗಿ ವಿಮರ್ಶಿಸುತ್ತಿದ್ದಳು. ಮಗಳ ತಿದ್ದುವ ಚಪಲಕ್ಕೆ ಮೂಲ ಇಲ್ಲಿಯೇ ಇದ್ದಿರಬೇಕು.

ಬ್ರಿನ್ ಮಾರ್ ಕಾಲೇಜಿನಲ್ಲಿ ಆಕೆಯ ಮನಸ್ಸನ್ನು ಸೆಳೆದುದು ಜೀವಶಾಸ್ತ್ರದ ಪ್ರಯೋಗಶಾಲೆ. ಬಸವನಹುಳು, ಚಿಪ್ಪುಹಂದಿ ಮುಂತಾದ ಪ್ರಾಣಿಗಳು ಆಕೆಯ ಕಾವ್ಯದಲ್ಲಿ ಮತ್ತೆ ಮತ್ತೆ ಬರುವುದು ಇದರಿಂದಲೇ. 1918ರಲ್ಲಿ ತಾಯಿ ಮಗಳು ನ್ಯೂಯಾರ್ಕ್ ಸೇರಿದರು. ಮೂರು ವರ್ಷಗಳ ಬಳಿಕ ಆಕೆಯ ಮೊದಲ ಸಂಕಲನ ಲಂಡನ್ನಿನಲ್ಲಿ ಹೊರಬಂದಿತು. ಅದನ್ನು ಪ್ರಕಟಿಸಿದವರು ಆಕೆಯ ಗೆಳತಿಯರು; ಆಕೆಗೇ ಅದು ತಿಳಿದಿರಲಿಲ್ಲ!

ಆಕೆಯ ಛಂದಸ್ಸು ಹೊಸದು. ಇಂಗ್ಲಿಷ್ ಪದ್ಯದ ಲಯಕ್ಕೆ ಸಾಮಾನ್ಯವಾಗಿ ಸ್ವರಾಘಾತವೇ ಆಧಾರ. ಮೂರ್ ಹಲವು ಕವಿತೆಗಳಲ್ಲಿ ಅದನ್ನು ಬಿಟ್ಟು ಉಚ್ಚಾರಾಂಶಗಳನ್ನು ಎಣಿಸಿದಳು. ಒಂದು ಖಂಡದ ಮೊದಲ ಸಾಲಿನಲ್ಲಿ ಎಷ್ಟಿವೆಯೋ ಮುಂದಿನ ಖಂಡದ ಮೊದಲ ಸಾಲಿನಲ್ಲಿಯೂ ಅಷ್ಟೇ. ಅಕ್ಷರವೃತ್ತಗಳಿಗೆ ಪ್ರಸ್ತಾರ ಹಾಕಬಲ್ಲ ನಮಗೆ ಈ ಎಣಿಕೆ ತೀರ ಅಪರಿಚಿತವಲ್ಲ. ಆದರೆ ಅಲ್ಲಿ ಗುರುಲಘುಗಳ ಕಟ್ಟಿಲ್ಲ.

1951ರಲ್ಲಿ ಬಂದ ಸಮಗ್ರ ಸಂಕಲನಕ್ಕೆ ಪುಲಿಟ್ಜರ್ ಬಹುಮಾನ ದೊರೆಯಿತು. 1954ರಲ್ಲಿ ಫ್ರೆಂಚ್ ಕವಿ ಲಾ ಫೊಂಟೇನನ ನೀತಿಕಥೆಗಳ ಅನುವಾದ ಹೊರಬಂದಿತು. ಭಾರತದ ಜ್ಞಾನಿ ಪಿಲ್ಪಾಯನಿಗೆ ತಾನು ಋಣಿಯೆಂದು ಲಾ ಫೊಂಟೇನನೇ ಹೇಳಿದ್ದಾನೆ. ಪಂಚತಂತ್ರದ ಕಥೆಗಳು ಯೂರೋಪಿಗೆ ಹೋದುದು ಆ ಹೆಸರಿನಲ್ಲಿ. ಅವೇ ಕಥೆಗಳನ್ನು ನಮ್ಮ ದುರ್ಗಸಿಂಹನು ಹನ್ನೊಂದನೆಯ ಶತಮಾನದಲ್ಲಿಯೇ ಕನ್ನಡಕ್ಕೆ ತಂದಿದ್ದನು.

ಇನ್ನು ಆ ಪ್ರಶ್ನೆಯ ಮಾತು. 1919ರಲ್ಲಿ ಮೂರ್ 'ಕಾವ್ಯ' ಎಂಬ ಕವಿತೆಯನ್ನು ಪ್ರಕಟಿಸಿದ್ದಳು. ತನಗೂ ಕಾವ್ಯ ರುಚಿಸದೆಂದು ಕವಯಿತ್ರಿಯೇ ಒಪ್ಪಿಕೊಂಡು ಆರಂಭಿಸುವ ಕವಿತೆಯದು. ತಿರಸ್ಕಾರದಿಂದ ಓದಿದರೂ ಅದರಲ್ಲಿ ನಿಜವಾದುದಕ್ಕೆ ಎಡೆಯುಂಟೆಂದು ಅದು ಕಂಡುಕೊಳ್ಳುತ್ತದೆ. ಓದುಗರು ಅದನ್ನು ಕಂಠಪಾಠ ಮಾಡಿಕೊಂಡರು. ಆಕೆಯಾದರೋ ಅದನ್ನು ತಿದ್ದುತ್ತಲೇ ಹೋದಳು. 1967ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, 'ಸಂಪೂರ್ಣ ಕವಿತೆಗಳು' ಪ್ರಕಟವಾದಾಗ ನೋಡುವುದೇನು? ಆ ಕವಿತೆಯಲ್ಲಿ ಉಳಿದಿದ್ದುವು ಮೂರೇ ಸಾಲುಗಳು! ಬೇರೆ ಎಷ್ಟೋ ಕವಿತೆಗಳು ಇಡಿಯಾಗಿಯೇ ಮಾಯವಾಗಿದ್ದುವು. ಹೆಸರು ಮಾತ್ರ 'ಸಂಪೂರ್ಣ'. ಬಿಟ್ಟುದೆಲ್ಲವೂ ಬೇಕೆಂದೇ ಬಿಟ್ಟುದು ಎಂಬ ಎಚ್ಚರಿಕೆಯನ್ನು ಪುಸ್ತಕದ ಮೊದಲಲ್ಲೇ ಕೊಟ್ಟಿದ್ದಳು.

ಓದುಗರು ನೊಂದುಕೊಂಡುದು ಸಹಜವೇ. ತನ್ನ ಗಿಡವನ್ನು ತಾನೇ ಸವರುವ ತೋಟಗಾರನನ್ನು ತಡೆಯುವವರಾರು? ಆದರೂ ಆ ಗಿಡದ ನೆರಳಿನಲ್ಲಿ ಅದಾಗಲೇ ಹಲವರು ಕುಳಿತಿದ್ದರು. ಕವಯಿತ್ರಿಗೂ ಈ ಅಳುಕು ಇದ್ದಂತೆ ತೋರುತ್ತದೆ. ಏಕೆಂದರೆ ಆ ಪುಸ್ತಕದ ಕೊನೆಯ ಟಿಪ್ಪಣಿಗಳಲ್ಲಿ ಕವಿತೆಯ ದೀರ್ಘರೂಪವನ್ನು ಆಕೆಯೇ ಅಚ್ಚು ಹಾಕಿಸಿದ್ದಳು.

ಮೂರ್ 1972ರ ಫೆಬ್ರವರಿ 5ರಂದು ನಿಧನ ಹೊಂದಿದಳು. ಆಕೆ ಕೈಬಿಟ್ಟಿದ್ದ ಕವಿತೆಗಳನ್ನೂ ಹಳೆಯ ಪಾಠಗಳನ್ನೂ ಸಂಪಾದಕರು 2003ರಲ್ಲಿಯೂ 2017ರಲ್ಲಿಯೂ ಹೊಸ ಸಂಪುಟಗಳಲ್ಲಿ ಮರಳಿ ಬೆಳಕಿಗೆ ತಂದರು.