ಗೋವಿನಕೋವಿ ತಾರಸಿಯಿಂದ ಎಸ್‌ಎಸ್ ಸಿಗ್ನಿ

ಕ್ಷ-ಕಿರಣ ನೆಲ ಮುಟ್ಟುವುದಿಲ್ಲ, ವಾತಾವರಣವೇ ನುಂಗಿಬಿಡುತ್ತದೆ. ಅದನ್ನು ಹಿಡಿಯಲು ಇಸ್ರೊ 2015ರಲ್ಲಿ ಹಾರಿಸಿದ ಆಸ್ಟ್ರೋಸ್ಯಾಟ್‌ನಂಥ ಉಪಗ್ರಹ ಬೇಕು. ಆದರೆ ಆ ಕಿರಣ ಹೊಮ್ಮಿಸುವ ಜೋಡಿ ನಕ್ಷತ್ರ ಭುಗಿಲೆದ್ದಾಗ ನಮಗೂ ಕಾಣುತ್ತದೆ, ಬೈನಾಕ್ಯುಲರ್ ಇದ್ದರಾಯಿತು.

ಶುರುವಿಗೆ ರಾಜಹಂಸ ಪುಂಜದ ಎಸ್‌ಎಸ್ ಸಿಗ್ನಿ ಒಳ್ಳೆಯದು. 1896ರಲ್ಲಿ ಹಾರ್ವರ್ಡ್‌ನ ಲೂಯಿಸಾ ವೆಲ್ಸ್ ಪತ್ತೆಹಚ್ಚಿದ್ದು. ಇಲ್ಲಿ ಶ್ವೇತಕುಬ್ಜವೊಂದು ಸಂಗಾತಿ ನಕ್ಷತ್ರದ ಅನಿಲ ಎಳೆದುಕೊಳ್ಳುತ್ತಿದೆ. ಒಂದನ್ನೊಂದು ಸುತ್ತಲು ಏಳು ಗಂಟೆಯೂ ಬೇಡ. ಅನಿಲ ಸುತ್ತಲೂ ತಟ್ಟೆಯಾಗಿ ಶೇಖರವಾಗಿ, ಸರಾಸರಿ ಏಳೆಂಟು ವಾರಕ್ಕೊಮ್ಮೆ ಒಮ್ಮೆಲೇ ಒಳಗೆ ಸುರಿಯುತ್ತದೆ. ಆಗ 12ರ ಆಸುಪಾಸಿನ ಕಾಂತಿಮಾನ ಒಂದೆರಡು ದಿನದಲ್ಲೇ 8ರ ಹತ್ತಿರ ಬರುತ್ತದೆ (ಅಂಕಿ ಇಳಿದಷ್ಟೂ ಹೊಳಪು ಹೆಚ್ಚು). ತಮಾಷೆಯೆಂದರೆ, ಆಗ ಹೆಚ್ಚಿನ ಶಕ್ತಿಯ ಕ್ಷ-ಕಿರಣ ಕುಗ್ಗಿ, ಕಡಿಮೆ ಶಕ್ತಿಯದು ಏರುತ್ತದೆ. ಶ್ವೇತಕುಬ್ಜದ ಮೈಗಂಟಿದ ಅನಿಲ ದಟ್ಟವಾಗಿ, ಕಿರಣ ನೇರ ಹೊರಬರಲಾಗದೆ ತಣಿದು ಬರುವುದೇ ಕಾರಣ.

ಮಳೆಗಾಲ ಮುಗಿದ ಅಕ್ಟೋಬರ್, ನವೆಂಬರ್ ತಕ್ಕ ಕಾಲ. ಅಕ್ಟೋಬರ್ ನಡುವೆ ರಾತ್ರಿ ಎಂಟೂವರೆಗೆ ಉತ್ತರಕ್ಕೆ ಮುಖ ಮಾಡಿ, ಡೆನೆಬ್ ಗುರುತಿಸಿ. ಕೈ ಚಾಚಿ ಒಂದು ಮುಷ್ಟಿಯಷ್ಟು ಬಲಕ್ಕೆ ರೋ ಸಿಗ್ನಿ ಇದೆ. ಅದರಿಂದ ಎರಡು ಡಿಗ್ರಿಯಷ್ಟು ಮೇಲೆ, ಬಲಕ್ಕೆ ನಮ್ಮ ನಕ್ಷತ್ರ. ಬೀದಿದೀಪಕ್ಕೆ ಬೆನ್ನು ಮಾಡಿ, ಕಣ್ಣು ಕತ್ತಲಿಗೆ ಒಗ್ಗಲು ಅರ್ಧ ಗಂಟೆ ಬಿಡಿ. ನಕ್ಷೆ ನೋಡಲು ಕೆಂಪು ಟಾರ್ಚ್ ಇರಲಿ, ಮೊಬೈಲ್ ಬೇಡವೇ ಬೇಡ.

ನಕ್ಷೆಯನ್ನು ಅಮೆರಿಕದ ಚರನಕ್ಷತ್ರ ವೀಕ್ಷಕರ ಸಂಘ, ಎಎವಿಎಸ್ಒ, ಉಚಿತವಾಗಿ ಕೊಡುತ್ತದೆ. ಅದರಲ್ಲಿ ನಕ್ಷತ್ರದ ಪಕ್ಕ 98 ಎಂದಿದ್ದರೆ ಕಾಂತಿಮಾನ 9.8 ಎಂದು ಓದಿಕೊಳ್ಳಿ. ದಶಮಾಂಶದ ಚುಕ್ಕಿ ಹಾಕಿದರೆ ಅದೂ ನಕ್ಷತ್ರದಂತೆ ಕಂಡೀತು! ನಮ್ಮದಕ್ಕಿಂತ ತುಸು ಹೊಳಪಿನ ಒಂದು, ತುಸು ಮಂದದ ಇನ್ನೊಂದು ಆರಿಸಿ, ನಡುವೆ ಎಲ್ಲಿ ಕೂರುತ್ತದೆಂದು ಅಂದಾಜಿಸಿ. ನಿನ್ನೆ ಬರೆದದ್ದನ್ನು ಮೊದಲೇ ನೋಡಬೇಡಿ, ಕಣ್ಣು ಅದನ್ನೇ ಹೇಳುತ್ತದೆ. ಕಾಣದಿದ್ದರೆ ಕಂಡ ಅತಿ ಮಂದ ನಕ್ಷತ್ರದ ಅಂಕಿ ಬರೆದು, 'ಅದಕ್ಕಿಂತ ಮಂದ' ಎನ್ನಿ. ಅದೂ ದತ್ತಾಂಶವೇ. ಸಮಯದಲ್ಲಿ ಐದೂವರೆ ಗಂಟೆ ಕಳೆದು ವಿಶ್ವಮಾನ ಸಮಯ ಬರೆಯಿರಿ.

ಈ ಅಂಕಿಗಳಿಂದ ಪ್ರಯೋಜನವೇನೆಂದು ಕೇಳುವವರಿಗೆ: 1970ರ ದಶಕದಲ್ಲಿ ಹವ್ಯಾಸಿಗಳು ಸ್ಫೋಟದ ಸುದ್ದಿ ಮುಟ್ಟಿಸಿದ್ದರಿಂದಲೇ ಕ್ಷ-ಕಿರಣ ಉಪಗ್ರಹ ಹೀಯೊ-1 ಸಕಾಲಕ್ಕೆ ಇತ್ತ ತಿರುಗಿತು.

ಎಸ್‌ಎಸ್ ಸಿಗ್ನಿ ಪಶ್ಚಿಮಕ್ಕೆ ಸರಿದ ಮೇಲೆ, ಫೆಬ್ರವರಿಯಲ್ಲಿ, ಮಿಥುನ ರಾಶಿಯ ಯು ಜೆಮಿನೋರಮ್ ನಡುನೆತ್ತಿಯ ಹತ್ತಿರ ಸಿಗುತ್ತದೆ. ಅದು ಸುಮ್ಮನಿದ್ದಾಗ 14ಕ್ಕಿಳಿಯುವುದರಿಂದ ದೊಡ್ಡ ಟೆಲಿಸ್ಕೋಪ್ ಇಲ್ಲದವರಿಗೆ ಸ್ಫೋಟವಾದಾಗ ಮಾತ್ರ ದರ್ಶನ.