ಸುಗ್ಗಿಯ ಹಣಕ್ಕೆ ಹದಿನೈದು ಪಾಲು

ನೌಕರಿಯಲ್ಲಿರುವವರಿಗೆ ತಿಂಗಳಿಗೊಮ್ಮೆ ಸಂಬಳ ಬರುತ್ತದೆ. ಮಳೆಯಾಶ್ರಿತ ಬೇಸಾಯಗಾರರಿಗೆ ವರ್ಷಕ್ಕೊಮ್ಮೆ ಸುಗ್ಗಿ. ಸಂಸಾರದ ಖರ್ಚು ಮಾತ್ರ ಇಬ್ಬರಿಗೂ ದಿನದಿನದ್ದೇ. ಆದ್ದರಿಂದ ರೈತ ಬಾಂಧವರು ಉಳಿತಾಯದ ಲೆಕ್ಕವನ್ನು ಮಾಲು ಮಾರಿದ ದಿನವೇ ಹಾಕಬೇಕು.

ಒಂದು ಉದಾಹರಣೆ ನೋಡೋಣ. ಮನೆಯ ಊಟಕ್ಕೆ ಕಾಳುಕಡಿ ಎತ್ತಿಟ್ಟು, ಶೇಂಗಾ ಮಾರಿ, ಕೂಲಿ, ಬಾಡಿಗೆ, ಸೊಸೈಟಿ ಸಾಲ ಎಲ್ಲವನ್ನೂ ತೀರಿಸಿದ ಮೇಲೆ ನಿಮ್ಮ ಕೈಯಲ್ಲಿ 1,20,000 ರೂಪಾಯಿ ಉಳಿಯಿತೆಂದು ಇಟ್ಟುಕೊಳ್ಳಿ. ಮುಂದಿನ ಮುಂಗಾರಿನ ಬೀಜ, ಗೊಬ್ಬರ, ಉಳುಮೆಗೆಂದು 30,000 ರೂಪಾಯಿಯನ್ನು ಮೊದಲು ಬೇರೆ ಖಾತೆಯಲ್ಲಿಡಿ. ಈ ಹಣ ಹೊಲಕ್ಕೆ ಸೇರಿದ್ದೆಂದು ಭಾವಿಸಬೇಕು. ಮಿಕ್ಕ 90,000ವನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 7,500 ಬರುತ್ತದೆ. ಆದರೆ ಹಾಗೆ ಹಂಚಬೇಡಿ. ಹದಿನೈದರಿಂದ ಭಾಗಿಸಿ, 6,000 ರೂಪಾಯಿಯಲ್ಲಿ ಸಂಸಾರ ತೂಗಿಸಿ. ಮಳೆ ಹಿಂದಾಗಿ ಬಿತ್ತನೆ ತಡವಾಗಬಹುದು. ಬೆಲೆ ಕುಸಿದು ಮಾಲನ್ನು ಮನೆಯಲ್ಲೇ ಇಟ್ಟುಕೊಳ್ಳಬೇಕಾಗಬಹುದು. ಆಗ ಆ ಹೆಚ್ಚಿನ ಮೂರು ಪಾಲು, ಅಂದರೆ 18,000 ರೂಪಾಯಿ, ಕೈಗೆ ಒದಗುತ್ತದೆ.

ಬಿತ್ತನೆಯ ಹಣವನ್ನು ಮುಟ್ಟಿದರೆ ಏನಾಗುತ್ತದೆ? ಅದೇ 30,000ವನ್ನು ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯಂತೆ ಕೈಸಾಲ ತಂದರೆ, ಆರು ತಿಂಗಳಿಗೆ 5,400 ರೂಪಾಯಿ ಬಡ್ಡಿಯಾಗುತ್ತದೆ. ಹೆಚ್ಚುಕಡಿಮೆ ಒಂದು ತಿಂಗಳ ಮನೆ ಖರ್ಚು! ಸಾಲ ಕೊಟ್ಟವರು ದಲಾಲರಾದರೆ ಅವರ ಅಂಗಡಿಗೇ ಮಾಲು ಹಾಕಬೇಕಾದ ಹಂಗು ಬೇರೆ. ಇಂಥ ಸಾಲ ಈಗಾಗಲೇ ಇದ್ದಲ್ಲಿ ಠೇವಣಿಯ ಯೋಚನೆ ಬಿಟ್ಟು ಅದನ್ನೇ ಮೊದಲು ತೀರಿಸಿ. ವರ್ಷಕ್ಕೆ ಶೇಕಡಾ 36ರಷ್ಟು ಬಡ್ಡಿಯನ್ನು ಯಾವ ಬ್ಯಾಂಕೂ ಠೇವಣಿಗೆ ಕೊಡುವುದಿಲ್ಲ.

ಸುಗ್ಗಿ ಮುಗಿಯುತ್ತಲೇ ಬೈಕು, ಟೀವಿ ಕಂತಿನವರು ಊರಿಗೆ ಬರುವುದು ಸುಮ್ಮನಲ್ಲ. ಅಂಥ ಖರೀದಿಯನ್ನು ಬಿತ್ತನೆ ಮುಗಿಯುವವರೆಗಾದರೂ ಮುಂದೂಡುವುದು ಲೇಸು.

ಡೇರಿಗೆ ಹಾಲು ಹಾಕುವ ಮನೆಗಳಿಗೆ ಇನ್ನೊಂದು ಅನುಕೂಲವಿದೆ. ಬಟವಾಡೆಯ ಹಣ ಆಗಾಗ ಸಣ್ಣ ಮೊತ್ತದಲ್ಲಿ ಬರುವುದರಿಂದ ಪಿಗ್ಮಿ ಠೇವಣಿಗೆ ಅದು ಸರಿಹೊಂದುತ್ತದೆ. ಈ ಪದ್ಧತಿ ನಮ್ಮ ನಾಡಿನದೇ. 1928ರಲ್ಲಿ ಉಡುಪಿಯ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಇದನ್ನು ಆರಂಭಿಸಿತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಂಸ್ಥೆಯೇ ಇದು. ಅಂದು ಏಜೆಂಟರು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಇಂದೂ ಅನೇಕ ಸಹಕಾರ ಸಂಘಗಳಲ್ಲಿ ಪಿಗ್ಮಿ ಇದೆ. ದಿನಕ್ಕೆ 20 ರೂಪಾಯಿ ಕಟ್ಟಿದರೆ ಬಡ್ಡಿ ಬಿಟ್ಟು ವರ್ಷಕ್ಕೆ 7,300 ರೂಪಾಯಿ ಆಗುತ್ತದೆ. ಹಣ ಕೊಟ್ಟಾಗಲೆಲ್ಲ ರಸೀದಿ ಪಡೆಯಿರಿ. ತಿಂಗಳಿಗೊಮ್ಮೆ ಕಚೇರಿಗೇ ಹೋಗಿ ಜಮೆಯನ್ನು ತಾಳೆ ನೋಡಿ. ಅವಧಿಗೆ ಮುನ್ನ ಹಣ ತೆಗೆದರೆ ಬಡ್ಡಿಯಲ್ಲಿ ಎಷ್ಟು ಖೋತಾ ಆಗುತ್ತದೆಂಬುದನ್ನು ಖಾತೆ ತೆರೆಯುವ ದಿನವೇ ಕೇಳಿ ತಿಳಿದುಕೊಳ್ಳಿ.