ಬಾನೆಟ್ ಮೇಲಿನ ಅಸಲು

ಈ ಸಲ ವಿಮೆ ನವೀಕರಣದ ಕಾಗದದಲ್ಲಿ ನಮ್ಮ ಕಾರಿನ ಐಡಿವಿ, ಅಂದರೆ ವಿಮೆಯವರ ಲೆಕ್ಕದಲ್ಲಿ ಅದರ ಬೆಲೆ, ಎರಡು ಲಕ್ಷಕ್ಕಿಂತ ಕೆಳಗಿಳಿದಿತ್ತು. ಅದೇ ವಾರ ಡೀಟೇಲಿಂಗ್ ಅಂಗಡಿಯೊಂದರಲ್ಲಿ ಸೆರಾಮಿಕ್ ಕೋಟಿಂಗ್‌ಗೆ ಹೇಳಿದ ದರ 18,000 ರೂಪಾಯಿ. ವರ್ಷಗಟ್ಟಲೆ ಬಿಸಿಲು ಕುಡಿದ ಕೆಂಪು ಹ್ಯಾಚ್‌ಬ್ಯಾಕ್‌ನ ಬೆಲೆಯಲ್ಲಿ ಹೆಚ್ಚುಕಡಿಮೆ ಹತ್ತನೇ ಒಂದು ಪಾಲನ್ನು ಅದರ ಮೈಗೇ ಸವರಬೇಕು ಎಂದಾಯಿತು. ಸೆರಾಮಿಕ್ ಕೆಟ್ಟದ್ದೆಂದಲ್ಲ. ಕಾರು ಹೊಸದಾಗಿದ್ದು, ನಿಲ್ಲಿಸಲು ನೆರಳಿಲ್ಲದವರಿಗೆ ಅದು ಒಪ್ಪುವ ಖರ್ಚು. ಆದರೆ ಕೋಟಿಂಗ್ ಹಚ್ಚುವ ಮುನ್ನ ಅಂಗಡಿಯವರು ಪಾಲಿಶ್ ಮಾಡುತ್ತಾರೆ. ಹಳೇ ಕಾರಿನಲ್ಲಿ ಕಣ್ಣಿಗೆ ಕಾಣುವ ಹೊಳಪಿನ ಬಹುಪಾಲು ಬರುವುದು ಅಲ್ಲಿಂದ. ಅಷ್ಟನ್ನು ಮನೆಯಲ್ಲೇ ಮಾಡಿಕೊಳ್ಳಬಹುದು, ನಾನು ಮಾಡಿಕೊಂಡೆ.

ಈಗಿನ ಬಹುತೇಕ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರವಿರುತ್ತದೆ. ದಪ್ಪ ಸುಮಾರು 40ರಿಂದ 50 ಮೈಕ್ರಾನ್. ಒಂದು ಮಿಲಿಮೀಟರನ್ನು ಇಪ್ಪತ್ತು ಪಾಲು ಮಾಡಿದರೆ ಅದರಲ್ಲೊಂದು. ಬಿಸಿಲಿನ ಅತಿನೇರಳೆ ಕಿರಣದಿಂದ ಬಣ್ಣವನ್ನು ಕಾಯುವುದು ಇದೇ. ಕಾರು ಮಂಕಾಯಿತು ಎಂದರೆ ಎಷ್ಟೋ ಸಲ ಬಣ್ಣ ಹೋಗಿರುವುದಿಲ್ಲ; ಈ ಪದರದ ಮೇಲ್ಮೈಯಲ್ಲಿ ಅಸಂಖ್ಯ ಸಣ್ಣ ಗೀರು ಬಿದ್ದು ಬೆಳಕು ಚದುರುತ್ತಿರುತ್ತದೆ. ರಬ್ಬಿಂಗ್ ಕಾಂಪೌಂಡ್ ಆ ಗೀರುಗಳನ್ನು ತುಂಬುವುದಿಲ್ಲ, ಸುತ್ತಲಿನ ಪದರವನ್ನೇ ಕೆರೆದು ಸಮ ಮಾಡುತ್ತದೆ. ಅಂದರೆ ಪ್ರತಿ ಪಾಲಿಶ್‌ಗೂ ಅಸಲಿನಿಂದಲೇ ಒಂದಿಷ್ಟು ತೆಗೆಯುತ್ತೇವೆ. ಈ ಖಾತೆಗೆ ಮತ್ತೆ ಜಮಾ ಮಾಡುವ ದಾರಿಯಿಲ್ಲ. ಸರ್ವಿಸ್‌ಗೆ ಬಿಟ್ಟಾಗಲೆಲ್ಲ ‘ರಬ್ಬಿಂಗ್ ಪಾಲಿಶ್ ಹಾಕಿಬಿಡ್ಲಾ ಸಾರ್?’ ಎಂದು ಅಕ್ಕರೆಯಿಂದ ಕೇಳಿದರೆ ಬೇಡ ಎನ್ನಲು ಇಷ್ಟು ಕಾರಣ ಸಾಕು.

ಬಿಲ್ಲಿನಲ್ಲಿ ಕಾಣುವ ‘ಟೆಫ್ಲಾನ್ ಕೋಟಿಂಗ್’ ಬಗ್ಗೆಯೂ ಒಂದು ಮಾತು. ದೋಸೆ ಕಾವಲಿಗೆ ಟೆಫ್ಲಾನ್ ಕೂರಬೇಕಾದರೆ ಅದನ್ನು 300 ಡಿಗ್ರಿಗೂ ಮೀರಿದ ಶಾಖದಲ್ಲಿ ಬೇಯಿಸುತ್ತಾರೆ. ಕಾರನ್ನು ಹಾಗೆ ಬೇಯಿಸಲಾಗದು. ಬಟ್ಟೆಯಲ್ಲಿ ಸವರಿ ಒರೆಸಿದ್ದು ಕೊನೆಗೂ ಒಂದು ದುಬಾರಿ ಪಾಲಿಶ್ ಅಷ್ಟೆ.

ನನ್ನ ಸಾಮಾನೆಲ್ಲ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಸಿಕ್ಕಿತು: ಕಾರ್ ಶಾಂಪೂ, ಕ್ಲೇ ಬಾರ್, ನಯವಾದ ಕಾಂಪೌಂಡ್, ಒಂದು ಡಬ್ಬಿ ವ್ಯಾಕ್ಸ್, ಮೈಕ್ರೋಫೈಬರ್ ಬಟ್ಟೆಗಳು. ಎಲ್ಲ ಸೇರಿ ಎರಡೂವರೆ ಸಾವಿರದೊಳಗೆ ಮುಗಿಯಿತು. ಡಬ್ಬಿಗಳಲ್ಲಿ ಇನ್ನೂ ಬೇಕಾದಷ್ಟು ಉಳಿದಿದೆ. ತಿರುಗುವ ಮೆಷಿನ್ ಕೊಳ್ಳಿ ಎಂದು ಅಂಗಡಿಯವರು ಒತ್ತಾಯಿಸಿದರು. ಒಂದೇ ಕಾರಿರುವ ಮನೆಗೆ ಅದು ದಂಡ. ಪಳಗದ ಕೈಗೆ ಮೆಷಿನ್ ಸಿಕ್ಕರೆ ಕ್ಲಿಯರ್ ಕೋಟ್ ಅಂಚುಗಳಲ್ಲಿ ಸವೆದೇ ಹೋಗಬಹುದು.

ತೊಳೆಯುವುದರಿಂದಲೇ ಶುರು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿತ್ತು. ಪೈಪು ಹಿಡಿದು ನಿಲ್ಲುವ ಅಗತ್ಯವೂ ಇಲ್ಲ, ಎರಡು ಬಕೆಟ್ ಸಾಕು: ಒಂದರಲ್ಲಿ ಶಾಂಪೂ ನೀರು, ಇನ್ನೊಂದು ಕೊಳೆಬಟ್ಟೆ ಜಾಲಿಸುವುದಕ್ಕೆ. ಟಾಪ್‌ನಿಂದ ಕೆಳಕ್ಕೆ ಬರಬೇಕು. ಪಾತ್ರೆ ತೊಳೆಯುವ ಲಿಕ್ವಿಡ್ ಬೇಡ, ಇರುವ ವ್ಯಾಕ್ಸನ್ನೂ ಅದು ಕಿತ್ತುಕೊಂಡು ಹೋಗುತ್ತದೆ. ಬೋರ್‌ವೆಲ್ ನೀರಾದರೆ ತಾನಾಗಿ ಆರಲು ಬಿಡಬೇಡಿ. ಅದರಲ್ಲಿರುವ ಸುಣ್ಣ ಬಿಳಿ ಚುಕ್ಕೆಯಾಗಿ ಕೂರುತ್ತದೆ. ಕೂತ ಚುಕ್ಕೆಗೆ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ, ಕೂಡಲೇ ತೊಳೆದುಬಿಡಬೇಕು.

ಒಣಗಿದ ಬಾನೆಟ್ ಮೇಲೆ ತೆಳು ಪ್ಲಾಸ್ಟಿಕ್ ಕವರಿನೊಳಗೆ ಕೈ ತೂರಿಸಿ ಆಡಿಸಿ ನೋಡಿ. ಬರಿಗೈಗೆ ನುಣುಪೆನಿಸಿದ್ದು ಆಗ ರವೆರವೆಯಾಗಿ ಸಿಗುತ್ತದೆ. ಅದು ಬ್ರೇಕಿನ ಧೂಳು, ಮರದ ಅಂಟು. ನಮ್ಮ ರಸ್ತೆಯ ಮಳೆಮರದ ಕೆಳಗೆ ಕಾರು ನಿಲ್ಲಿಸುವವರಿಗೆ ಈ ಅಂಟಿನ ಪರಿಚಯ ಹೇಳಬೇಕಾಗಿಲ್ಲ. ಶಾಂಪೂ ನೀರು ಚಿಮುಕಿಸಿ ಕ್ಲೇ ಉಂಡೆಯನ್ನು ಹಗುರಾಗಿ ಆಡಿಸಿದರೆ ಇದೆಲ್ಲ ಎದ್ದು ಬರುತ್ತದೆ. ಉಂಡೆ ನೆಲಕ್ಕೆ ಬಿತ್ತೋ, ಎಸೆದುಬಿಡಿ. ಅದಕ್ಕಂಟಿದ ಒಂದು ಮರಳ ಕಣ ಬಾಗಿಲುದ್ದಕ್ಕೂ ಗೀರು ಎಳೆಯುತ್ತದೆ.

ಎಷ್ಟೋ ಸಲ ಇಷ್ಟಾದ ಮೇಲೆ ನೇರ ವ್ಯಾಕ್ಸ್ ಹಚ್ಚಿದರೂ ಸಾಕು. ಕಾಂಪೌಂಡ್ ಬೇಕೋ ಬೇಡವೋ ಎಂದು ಬಾನೆಟ್‌ನ ಮೂಲೆಯಲ್ಲಿ ಅಂಗೈಯಗಲ ಜಾಗದಲ್ಲಿ ಮೊದಲು ನೋಡಬೇಕು. ಬಿಸಿಲೇರುವ ಮುನ್ನ, ನೆರಳಲ್ಲಿ, ತಗಡು ತಣ್ಣಗಿದ್ದಾಗ, ಒಂದೊಂದು ಮೊಳದಷ್ಟು ಜಾಗ ಹಿಡಿದು ಉಜ್ಜಬೇಕು. ಕಪ್ಪು ಪ್ಲಾಸ್ಟಿಕ್ ಪಟ್ಟಿಗಳಿಗೆ ಟೇಪ್ ಅಂಟಿಸದಿದ್ದರೆ ಬಿಳಿ ಕಲೆ ಉಳಿದುಬಿಡುತ್ತದೆ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರನ್ನು ಉಜ್ಜಿ ಪ್ರಯೋಜನವಿಲ್ಲ. ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಒಂದೋ ನಿಮ್ಮದು ಕ್ಲಿಯರ್ ಕೋಟ್ ಇಲ್ಲದ ಹಳೇ ಬಗೆಯ ಬಣ್ಣ, ಇಲ್ಲವೋ ಪದರ ಮುಗಿದಿದೆ, ಕೈ ನಿಲ್ಲಿಸಿ. ಕೊನೆಗೆ ವ್ಯಾಕ್ಸ್, ತೀರ ತೆಳುವಾಗಿ. ಡಬ್ಬಿಯ ಮೇಲೆ ಕಾರ್ನೌಬಾ ಎಂದಿರುವುದು ಬ್ರೆಜಿಲ್‌ನ ಒಂದು ತಾಳೆಯ ಎಲೆಯ ಮೇಣ. ಒಂದೆರಡು ತಿಂಗಳಲ್ಲಿ ಇಳಿದುಹೋಗುತ್ತದೆ, ಮತ್ತೆ ಹಚ್ಚಬೇಕು. ವ್ಯಾಕ್ಸ್ ಕೆರೆಯುವುದಿಲ್ಲ, ಆದ್ದರಿಂದ ಎಷ್ಟು ಸಲ ಹಚ್ಚಿದರೂ ಅಸಲಿಗೆ ಕೈ ಹಾಕಿದಂತಲ್ಲ. ಡೀಸೆಲ್ ಒರೆಸಿದರೂ ಮಿಂಚುತ್ತದೆ, ನಿಜ. ಮರುದಿನ ಊರ ಧೂಳೆಲ್ಲ ಅಲ್ಲೇ ಕೂತಿರುತ್ತದೆ.

ನಮ್ಮ ಕಾರಿನ ಟಾಪ್‌ನಲ್ಲಿ ಒಂದು ಕಡೆ ಪದರವೇ ಬಿಳಿಚಿ ಹೊಪ್ಪಳೆ ಎದ್ದಿತ್ತು. ಟಿಂಕರಿಂಗ್ ಅಂಗಡಿಯ ಪೇಂಟರ್ ಬೆರಳಾಡಿಸಿ, ‘ಇಲ್ಲಿ ಉಜ್ಜೋಕೆ ಏನೂ ಉಳ್ದಿಲ್ಲ ಸಾರ್. ಪೇಂಟೇ ಹೊಡೀಬೇಕು’ ಎಂದರು. 4,000 ರೂಪಾಯಿ ಹೇಳಿದರು. ಆಗ ಮನೆಯಲ್ಲಿ ಎದ್ದ ಪ್ರಶ್ನೆ: ಇನ್ಶೂರೆನ್ಸ್ ಇದೆಯಲ್ಲ?

ಬಿಸಿಲಿಗೆ ಬಣ್ಣ ಹೋದದ್ದನ್ನು ವಿಮೆ ಕಟ್ಟಿಕೊಡುವುದಿಲ್ಲ, ಅದು ಸವಕಳಿ. ಯಾರೋ ಗುದ್ದಿ ಅಷ್ಟೇ ಮೊತ್ತದ ಪೇಂಟಿಂಗ್ ಬಂದಿದ್ದರೂ ಕ್ಲೇಮ್ ನಷ್ಟವೇ. ಲೆಕ್ಕ ನೋಡಿ. ಪೇಂಟಿಂಗ್ ಬಿಲ್ಲಿನ ಕಾಲು ಭಾಗವನ್ನು ಸಾಮಗ್ರಿಯೆಂದು ಹಿಡಿದು, ಅದರಲ್ಲಿ ಅರ್ಧವನ್ನು ಸವಕಳಿಯೆಂದು ಕಳೆಯುತ್ತಾರೆ: 500. 1500 ಸಿಸಿಯೊಳಗಿನ ಕಾರಿಗೆ ಕಡ್ಡಾಯವಾಗಿ ನಾವೇ ಭರಿಸಬೇಕಾದದ್ದು 1,000. ಕೈಗೆ ಬರುವುದು 2,500. ಅತ್ತ ಎನ್‌ಸಿಬಿ, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಅದರ ಕಥೆ ಬೇರೆ. ನಮ್ಮದೇ ಕಾರಿನ ಹಾನಿಗೆಂದು ಕಟ್ಟುವ ಓನ್ ಡ್ಯಾಮೇಜ್ ಪ್ರೀಮಿಯಂ 5,000 ಇದ್ದು, ಶೇ. 50 ರಿಯಾಯಿತಿ ಸಿಗುತ್ತಿತ್ತು ಎಂದುಕೊಳ್ಳಿ. ಒಂದು ಕ್ಲೇಮ್‌ಗೆ ಅದು ಸೊನ್ನೆಗಿಳಿದು, ನಂತರ ವರ್ಷವರ್ಷ 20, 25, 35, 45 ಎಂದು ತೆವಳುತ್ತಾ 50ಕ್ಕೆ ಮರಳುತ್ತದೆ. ಪ್ರೀಮಿಯಂ ಅಷ್ಟೇ ಇದ್ದರೂ ಈ ಐದು ನವೀಕರಣಗಳಲ್ಲಿ ಹೆಚ್ಚಿಗೆ ಕಟ್ಟುವುದು 2,500, 1,500, 1,250, 750, 250, ಒಟ್ಟು 6,250. ಎನ್‌ಸಿಬಿ ಪ್ರೊಟೆಕ್ಟ್ ಕೊಂಡವರ ಲೆಕ್ಕ ಬೇರೆ, ಆದರೆ ಅದಕ್ಕೂ ಪ್ರತ್ಯೇಕ ದುಡ್ಡು. ಪೇಂಟರ್‌ಗೆ ನಾಲ್ಕು ಸಾವಿರ ಕೈಯಿಂದಲೇ ಕೊಟ್ಟೆ.

ಮಾರುವಾಗ ಬೆಲೆ ಏರೀತೆಂದು ಹೊಳಪಿಗೆ ಸುರಿಯುವವರಿಗೆ ನನ್ನ ಬೆಂಬಲವಿಲ್ಲ. ಹಳೇ ಕಾರು ಕೊಳ್ಳುವ ಕಂಪನಿಗಳವರು ಬಣ್ಣದ ದಪ್ಪ ಅಳೆಯುವ ಮೀಟರ್ ಹಿಡಿದೇ ಬರುತ್ತಾರೆ. ಮತ್ತೆ ಪೇಂಟ್ ಹೊಡೆದ ಕಡೆ ಅಂಕಿ ಏರಿ ಗುಟ್ಟು ರಟ್ಟಾಗುತ್ತದೆ. ಇನ್ನೂ ಕೆಲವು ವರ್ಷ ಓಡಿಸುವ ಕಾರಾದರೆ ಮಾತ್ರ ಈ ದುಡಿಮೆ ಲೇಸು.

ಗೀರು ಬರುವುದೆಲ್ಲಿಂದ ಎಂದು ಹುಡುಕಿದರೆ ಹೆಚ್ಚಿನ ಪಾಲು ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯದೇ. ಬೆಳಿಗ್ಗೆ ಕಾರು ಒರೆಸುವ ಹುಡುಗ ಒಂದೇ ಬಕೆಟ್ಟಿನ ನೀರಲ್ಲಿ ಸಾಲಿಗೆ ಸಾಲು ಮುಗಿಸುತ್ತಾನೆ; ಮೊದಲ ಕಾರಿನ ಮಣ್ಣು ಕೊನೆಯ ಕಾರಿಗೆ ಪಾಲಿಶ್. ತಿಂಗಳ ಹಣ ಹಾಗೇ ಕೊಡುತ್ತೇನೆ, ನೀನು ವಾರಕ್ಕೊಮ್ಮೆ ನಾನು ಕೊಟ್ಟ ಬಟ್ಟೆಯಲ್ಲಿ ತೊಳೆದರೆ ಸಾಕಪ್ಪ, ದಿನಾ ಮುಟ್ಟಬೇಡ ಎಂದೆ. ಅವನಿಗೆ ಸಂಕಟವಾಯಿತು. ‘ದಿನಾ ಒರೆಸ್ಲಿಲ್ಲ ಅಂದ್ರೆ ಸೆಕ್ರೆಟ್ರಿ ಸಾರು ನಾನು ಕೆಲಸಕ್ಕೇ ಬರ್ತಿಲ್ಲ ಅನ್ಕೋತಾರೆ ಸಾರ್.’ ಈಗ ಅವನು ದಿನಾ ನಮ್ಮ ಕಾರಿನ ಗಾಜು ಮಾತ್ರ ಒರೆಸುತ್ತಾನೆ, ಸ್ವಲ್ಪ ಹೆಚ್ಚೇ ಹೊತ್ತು.